ಡಿಗ್ರಿ ಮಕ್ಕಳ ವೆಬ್ ಪೇಜ್ ಫೋನಿನಲ್ಲಿ ತೆರೆಯಲಿ

ಸಂಪಾದಕರಿಗೆ ನಮಸ್ಕಾರ.

ಡಿಗ್ರಿ ಕಾಲೇಜುಗಳಲ್ಲಿ ಮೊದಲ ಸಲ ವೆಬ್‌ಸೈಟ್ ಮಾಡೋದನ್ನು ಕಲಿಸುವ ಪೇಪರ್ ಇದೆಯಲ್ಲ, ಅದರ ಬಗ್ಗೆ ಈ ಪತ್ರ. ನಾನು ಹಾಸನದಲ್ಲಿ ಅಂಗಡಿ, ಹೋಂಸ್ಟೇ, ಶಾಲೆ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಮಾಡುತ್ತೇನೆ. ಇಂಟರ್ನ್‌ಶಿಪ್ ಅಂತ ಮಕ್ಕಳು ಬರುತ್ತಾರೆ. ಆಲೂರು, ಅರಕಲಗೂಡು, ಹೊಳೆನರಸೀಪುರ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವವರೇ ಜಾಸ್ತಿ. ಚುರುಕಾಗಿದ್ದಾರೆ, ಕಲಿಯುವ ಆಸೆ ಇದೆ, ಆ ಪೇಪರ್‌ನಲ್ಲಿ ಒಳ್ಳೆ ಮಾರ್ಕ್ಸ್ ಕೂಡ ತೆಗೆದಿರುತ್ತಾರೆ. ಆದರೆ ತಾವೇ ಒಂದು ಪುಟ ಮಾಡಿ, ಅದನ್ನು ತಮ್ಮ ಫೋನಿನಲ್ಲೇ ತೆರೆದು ನೋಡಿದವರು ಅವರಲ್ಲಿ ತುಂಬಾ ಕಡಿಮೆ.

ನಾನು ಕೇಳುವುದು ಇಷ್ಟೇ. ಈ ಪೇಪರ್ ಓದುವ ಪ್ರತಿಯೊಬ್ಬರೂ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ತಮ್ಮ ಊರಿನ ಒಬ್ಬರಿಗೆ ಬೇಕಾದ ಒಂದು ಪುಟವನ್ನು ಕನ್ನಡದಲ್ಲಿ ಮಾಡಲಿ. ಅದು ಫೋನಿನಲ್ಲಿ ಸರಿಯಾಗಿ ತೆರೆಯಲಿ. ಪ್ರಾಕ್ಟಿಕಲ್ ಮಾರ್ಕ್ಸಿನ ದೊಡ್ಡ ಪಾಲು ಅದಕ್ಕೇ ಸಿಗಲಿ.

ಈಗ ಲ್ಯಾಬಿನಲ್ಲಿ ಏನು ನಡೆಯುತ್ತಿದೆ ಅಂತ ಮಕ್ಕಳು ತರುವ ರೆಕಾರ್ಡ್ ಬುಕ್ ತೆರೆದರೆ ಗೊತ್ತಾಗುತ್ತದೆ. ಮೊದಲ ಪ್ರೋಗ್ರಾಂ, ಅಕ್ಷರಕ್ಕೆ ಬಣ್ಣ ಕೊಡೋದು. ಎರಡನೆಯದು ಕಾಲೇಜಿನ ಟೈಮ್‌ಟೇಬಲ್ಲು, ಟೇಬಲ್ಲಿನ ಮನೆಗಳನ್ನು ಒಂದಾಗಿಸುವ ರೋಸ್ಪ್ಯಾನ್, ಕೋಲ್‌ಸ್ಪ್ಯಾನ್ ಹಾಕಿ. ಆಮೇಲೆ ಪುಟವನ್ನು ಮೂರು ಫ್ರೇಮ್, ಅಂದರೆ ಮೂರು ಬೇರೆ ಬೇರೆ ಭಾಗ ಮಾಡೋದು, ಮಾರ್ಕ್ವೀ ಹಾಕಿ 'ವೆಲ್‌ಕಮ್' ಅಂತ ಬಲದಿಂದ ಎಡಕ್ಕೆ ಓಡಿಸೋದು. ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ನೀಟಾಗಿ ಬರೆದು, ಎಡಗಡೆಯ ಖಾಲಿ ಹಾಳೆಯಲ್ಲಿ ಔಟ್‌ಪುಟ್ಟನ್ನು ಪೆನ್ಸಿಲ್‌ನಿಂದ ಬಿಡಿಸಿರುತ್ತಾರೆ. ಅಷ್ಟು ಮುತುವರ್ಜಿಯಿಂದ ಮಾಡಿರೋದು ನೋಡಿದರೆ ಸಂಕಟ ಆಗುತ್ತೆ, ಯಾಕೆಂದರೆ ಆ ಮುತುವರ್ಜಿ ಎಲ್ಲ ಯಾರೂ ಬಳಸದ ವಿಷಯಕ್ಕೆ ಹೋಗಿದೆ.

ವೆಬ್ ಪುಟ ಬರೆಯುವ ಭಾಷೆಯೇ ಎಚ್‌ಟಿಎಂಎಲ್. ಅಕ್ಷರಕ್ಕೆ ಬಣ್ಣ ಕೊಡುವ ಫಾಂಟ್ ಟ್ಯಾಗ್, ನಡುವೆ ಕೂರಿಸುವ ಸೆಂಟರ್ ಟ್ಯಾಗ್ ಬಳಸಬೇಡಿ ಅಂತ ಅದರ ನಾಲ್ಕನೇ ಆವೃತ್ತಿ, ಎಚ್‌ಟಿಎಂಎಲ್ 4, ಹೇಳಿದ್ದು 1997ರಲ್ಲಿ. ಈಗ ಡಿಗ್ರಿ ಓದುತ್ತಿರುವ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಬಣ್ಣ, ಅಳತೆ, ಜಾಗ ಇವನ್ನೆಲ್ಲ ನೋಡಿಕೊಳ್ಳಲು ಸಿಎಸ್ಎಸ್ ಅದಕ್ಕೂ ಮುಂಚೆ, 1996ರಲ್ಲೇ ಬಂದಿತ್ತು. 2014ರಲ್ಲಿ ಎಚ್‌ಟಿಎಂಎಲ್ 5 ಅಧಿಕೃತವಾದಾಗ ಫ್ರೇಮ್, ಮಾರ್ಕ್ವೀ ಎರಡನ್ನೂ ಕೈಬಿಡಲಾಯಿತು. ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು ಅನ್ನೋದಕ್ಕೆ ಸಿಎಸ್ಎಸ್ ಗ್ರಿಡ್ ದೊಡ್ಡ ಬ್ರೌಸರ್‌ಗಳಿಗೆಲ್ಲ 2017ರಲ್ಲಿ ಬಂತು. ಇವು ಯಾವುವೂ ನಿನ್ನೆ ಮೊನ್ನೆ ಬಂದ ಹೊಸತಲ್ಲ. ಪಾಠದಲ್ಲಿ ಸಿಎಸ್ಎಸ್ ಇಲ್ಲ ಅಂತ ನಾನು ಹೇಳುತ್ತಿಲ್ಲ, ಇದೆ. ಆದರೆ ಅದು ಕೊನೆಯ ಯೂನಿಟ್‌ನಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ಎರಡು ಕ್ಲಾಸಿನಲ್ಲಿ ಮುಗಿದು ಹೋಗುತ್ತದೆ. ಮಕ್ಕಳ ಕೈಗೆ ರೂಢಿಯಾಗೋದು ಮೊದಲು ಕಲಿತ ಹಳೇದೇ.

ಇಲ್ಲಿಗೆ ಬಂದ ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಅವಳ ಚಿಕ್ಕಮ್ಮ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಬ್ಲೌಸ್, ಫಾಲ್ಸ್, ಸೀರೆ ಕುಚ್ಚು. ಚಿಕ್ಕಮ್ಮನ ಅಂಗಡಿಗೆ ಒಂದು ಪುಟ ಮಾಡು, ನಾನು ಪಕ್ಕದಲ್ಲಿ ಇರುತ್ತೇನೆ, ಬರೆಯೋದು ನೀನೇ ಅಂದೆ. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಓದಿದ್ದ ವಿಷಯ, ಆದರೂ ಅವಳಿಗೆ ನಿಜವಾದ ಕಲಿಕೆ ಶುರುವಾಗಿದ್ದು ಅಲ್ಲಿಂದ.

ಮೊದಲ ತೊಂದರೆ ಕನ್ನಡದ್ದು. ಅವಳು ಹಳೆ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ ತಂದಿದ್ದಳು. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಂಡಿತು. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕೆ, ಗೆರೆ ಕೂತ ಏನೇನೋ. ಆ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ತೋರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಕೆಳಗಿರುವ ಇಂಗ್ಲಿಷ್ ಹೊರಗೆ ಬರುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಯಾವ ಫೋನಿನಲ್ಲೂ ಅದು ಕನ್ನಡವೇ. ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರ್ ಎರಡರಲ್ಲೂ ಯೂನಿಕೋಡ್ ಇದೆ, ಅದನ್ನು ಆರಿಸಿಕೊಂಡರೆ ಆಯ್ತು. ಅವಳು ಅಷ್ಟಕ್ಕೂ ಕಾಯಲಿಲ್ಲ, ಫೋನಿನ ಕೀಬೋರ್ಡಿನಲ್ಲೇ ಎಲ್ಲ ಮತ್ತೆ ಟೈಪ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ತನಗೇ ಕಳಿಸಿಕೊಂಡು ಕಾಪಿ ಮಾಡಿದಳು. ಅಕ್ಷರಗಳು ಯೂನಿಕೋಡ್‌ನಲ್ಲಿವೆ ಅಂತ ಬ್ರೌಸರ್‌ಗೆ ಹೇಳಲು ಪುಟದ ಮೇಲ್ಗಡೆ ಯುಟಿಎಫ್-8 ಅಂತ ಒಂದು ಸಾಲು ಇರುತ್ತದಲ್ಲ, ಅದು ಯಾಕೆ ಬೇಕು ಅಂತ ಅವಳಿಗೆ ಅವತ್ತೇ ಅರ್ಥವಾಯಿತು. ರೆಕಾರ್ಡ್ ಬುಕ್‌ನಲ್ಲಿ ಆ ಸಾಲು ಪ್ರತಿ ಪ್ರೋಗ್ರಾಂನಲ್ಲೂ ಇತ್ತು!

ಎರಡನೆಯದು, ಫೋನಿನಲ್ಲಿ ಅಕ್ಷರ ಇರುವೆ ಗಾತ್ರಕ್ಕೆ ಬಂತು. ವ್ಯೂಪೋರ್ಟ್ ಅನ್ನೋ ಒಂದು ಸಾಲು ಇಲ್ಲದಿದ್ದರೆ ಫೋನಿನ ಬ್ರೌಸರ್ ಈ ಪುಟ ದೊಡ್ಡ ಪರದೆಗೆ ಮಾಡಿದ್ದು ಅಂದುಕೊಂಡು, ಸುಮಾರು 980 ಪಿಕ್ಸೆಲ್ ಅಗಲಕ್ಕೆ ಬಿಡಿಸಿ, ಅದನ್ನು ಕುಗ್ಗಿಸಿ ತೋರಿಸುತ್ತದೆ. ಒಂದೇ ಒಂದು ಸಾಲು ಸೇರಿಸಿದರೆ ಸರಿಹೋಗುತ್ತೆ. ಪರದೆಗೆ ತಕ್ಕ ಹಾಗೆ ಪುಟ ತಾನೇ ಹೊಂದಿಕೊಳ್ಳಬೇಕು ಅನ್ನೋ ವಿಚಾರಕ್ಕೆ ವೆಬ್ ಡಿಸೈನರ್ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್' ಅಂತ ಹೆಸರಿಟ್ಟರು. ಅದಾಗಿ ಎಷ್ಟು ಕಾಲವಾಯಿತು! ನಮ್ಮ ಕಡೆ ಜನ ಇಂಟರ್ನೆಟ್ ನೋಡುವುದೇ ಫೋನಿನಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇರುವವರು ಎಷ್ಟು ಜನ ಹೇಳಿ. ಹಾಗಿದ್ದ ಮೇಲೆ ಇದು ಮೊದಲ ದಿನದ ಪಾಠ ಆಗಬೇಕಲ್ವಾ?

ಮೂರನೆಯದನ್ನು ಹಿಡಿದದ್ದು ಚಿಕ್ಕಮ್ಮನೇ. ಬಟನ್ ಮೇಲೆ 'ಸೀರೆ ಕುಚ್ಚು' ಅಂತ ಬರೆದಿದ್ದಳು. "ಏನೇ ಇದು, ಕುಚ್ಚು ಕೆಳಗಡೆ ಕಟ್ ಆಗಿದೆಯಲ್ಲ" ಅಂದರು. ನಿಜ, ಒತ್ತಕ್ಷರದ ಬುಡ ಕತ್ತರಿಸಿ ಹೋಗಿತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲೋದಿಲ್ಲ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2 ಪಟ್ಟು ಕೊಟ್ಟರೆ ನಡೆಯುತ್ತೆ, ಕನ್ನಡಕ್ಕೆ ನಾನು 1.6ಕ್ಕಿಂತ ಕಡಿಮೆ ಕೊಡುವುದಿಲ್ಲ, ಬಟನ್ನಿಗೆ ಎತ್ತರವನ್ನು ಇಷ್ಟೇ ಅಂತ ಕಟ್ಟಿಹಾಕುವುದೂ ಇಲ್ಲ. ಇಂಗ್ಲಿಷಿನ ಪಾಠಗಳಲ್ಲಿ ಈ ಮಾತು ಬರೋದು ಅಪರೂಪ, ಯಾಕೆಂದರೆ ಅಲ್ಲಿ ಈ ತೊಂದರೆಯೇ ಇಲ್ಲ. ಕನ್ನಡದಲ್ಲಿ ಪುಟ ಮಾಡಿದವರಿಗೆ ಮಾತ್ರ ಗೊತ್ತಾಗುವ ವಿಷಯ ಇದು. ನಮ್ಮ ಕಾಲೇಜುಗಳೇ ಕಲಿಸದಿದ್ದರೆ ಇನ್ಯಾರು ಕಲಿಸುತ್ತಾರೆ?

ಅದೇ ರೀತಿ, ಪುಟದ ಶುರುವಿನಲ್ಲಿ ಭಾಷೆ ಯಾವುದು ಅಂತ ಹೇಳುವ ಒಂದು ಚಿಕ್ಕ ಗುರುತು ಇದೆ. ಮಕ್ಕಳು ಸುಮ್ನೆ ಇಂಗ್ಲಿಷ್ ಅಂತಲೇ ಬಿಟ್ಟಿರುತ್ತಾರೆ. ಕಣ್ಣು ಕಾಣದವರು ಫೋನಿಂದ ಓದಿಸಿಕೊಂಡು ಕೇಳುವಾಗ ಆ ಗುರುತು ತಪ್ಪಿದ್ದರೆ ಕನ್ನಡ ಪುಟವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊದಲಬಹುದು, ಇಲ್ಲವೇ ಅಕ್ಷರಗಳನ್ನು ಬಿಟ್ಟೇ ಹೋಗಬಹುದು. ಚಿತ್ರಗಳಿಗೆ ಒಂದು ಸಾಲಿನ ವಿವರಣೆ ಹಾಕದಿದ್ದರೂ ಅವರಿಗೆ ಏನೂ ತಿಳಿಯೋದಿಲ್ಲ. ಮಾಹಿತಿ ಇಂಥವರಿಗೂ ಸಿಗುವ ಹಾಗಿರಬೇಕು ಅನ್ನುವ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಆ ಹೊತ್ತಿಗೆ ಹೈಸ್ಕೂಲಿಗೂ ಹೋಗದಿದ್ದ ಮಕ್ಕಳು ಈಗ ಡಿಗ್ರಿಯಲ್ಲಿದ್ದಾರೆ, ಪಾಠದಲ್ಲಿ ಮಾತ್ರ ಇದು ಇನ್ನೂ ಬಂದಿಲ್ಲ.

ಇನ್ನು ಫೋಟೋ. ಸಕಲೇಶಪುರ ಕಡೆಯ ಒಂದು ಹೋಂಸ್ಟೇಯವರು ಸೈಟ್ ತೆರೆಯೋದೇ ಇಲ್ಲ ಅಂತ ಕರೆದಿದ್ದರು. ಫೋನಿನಲ್ಲಿ ತೆಗೆದ ಫೋಟೋಗಳನ್ನು ಯಾರೋ ಹಾಗೇ ಏರಿಸಿದ್ದರು. 4000 ಪಿಕ್ಸೆಲ್ ಅಗಲದ ಚಿತ್ರ, ಪರದೆಯಲ್ಲಿ ಕಾಣೋದು 400 ಪಿಕ್ಸೆಲ್‌ನಷ್ಟು. ಒಂದೊಂದೂ ಹಲವು ಎಂಬಿ. ಘಾಟಿಯ ನೆಟ್‌ವರ್ಕ್ ಹೇಗಿರುತ್ತೆ ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಚಿತ್ರಗಳನ್ನು 800 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಪುಟ ತಕ್ಷಣ ತೆರೆಯಿತು. ಫೋನ್ ನಂಬರ್ ಕೂಡ ಚಿತ್ರದ ಒಳಗೇ ಬರೆದಿತ್ತು. ಬೆಂಗಳೂರಿಂದ ಹೊರಟವರು ದಾರಿಯಲ್ಲಿ ರೂಮು ಇದೆಯಾ ಅಂತ ಕೇಳಬೇಕಾದರೆ ಆ ನಂಬರ್ ಒತ್ತೋಕೂ ಆಗಲ್ಲ, ಕಾಪಿ ಮಾಡೋಕೂ ಆಗಲ್ಲ. ಒತ್ತಿದರೆ ಕರೆ ಹೋಗುವ ಲಿಂಕ್ ಮಾಡೋದು ಒಂದು ಸಾಲಿನ ಕೆಲಸ. ಈ ಎರಡೂ ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿಷಯ.

ಇದಕ್ಕೆಲ್ಲ ಲ್ಯಾಬ್ ಸರಿಯಿಲ್ಲ, ಇಂಟರ್ನೆಟ್ ಇಲ್ಲ ಅಂತ ಹೇಳುವವರಿದ್ದಾರೆ. ಅವರ ಕಷ್ಟ ನನಗೆ ಗೊತ್ತು. ಆದರೆ ಎಚ್‌ಟಿಎಂಎಲ್, ಸಿಎಸ್ಎಸ್ ಕಲಿಯಲು ಇಂಟರ್ನೆಟ್ ಬೇಡ. ನೋಟ್‌ಪ್ಯಾಡ್ ಒಂದು, ಬ್ರೌಸರ್ ಒಂದು, ಎಷ್ಟೇ ಹಳೆ ಕಂಪ್ಯೂಟರ್ ಆದರೂ ನಡೆಯುತ್ತೆ. ಎಫ್12 ಒತ್ತಿದರೆ ಬ್ರೌಸರ್‌ನಲ್ಲೇ ಪುಟದ ಒಳಗೆ ಏನಿದೆ ಅಂತ ಕಾಣುತ್ತದೆ, ಫೋನಿನ ಅಳತೆಗೆ ಇಳಿಸಿಯೂ ನೋಡಬಹುದು. ಕಂಪ್ಯೂಟರ್ ಸಾಲದಿದ್ದರೆ ಫೋನಿನಲ್ಲೇ ಕೋಡ್ ಬರೆಯುವ ಉಚಿತ ಆ್ಯಪ್‌ಗಳಿವೆ. ಮಾಡಿದ್ದನ್ನು ಊರಿಗೆಲ್ಲ ತೋರಿಸಬೇಕು ಅಂದರೆ ಪುಟಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಗಿಟ್‌ಹಬ್ ಪೇಜಸ್ ಅನ್ನೋ ಸೇವೆಯಲ್ಲಿ ದುಡ್ಡಿಲ್ಲದೆ ಹಾಕಬಹುದು, ಅದಕ್ಕೆ ಒಂದು ಸಲ ನೆಟ್ ಸಿಕ್ಕರೆ ಸಾಕು. ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ಬನ್ನು ಅವರು ಕೆಲಸ ಮಾಡುತ್ತಿದ್ದ ಯುರೋಪಿನ ವಿಜ್ಞಾನ ಸಂಸ್ಥೆ ಸರ್ನ್ 1993ರ ಏಪ್ರಿಲ್ 30ರಂದು ಯಾರು ಬೇಕಾದರೂ ಬಳಸಿ ಅಂತ ಎಲ್ಲರಿಗೂ ಬಿಟ್ಟುಕೊಟ್ಟಿತು. ಲೈಸೆನ್ಸ್ ಬೇಡ, ಫೀಸ್ ಬೇಡ. ಅರಕಲಗೂಡಿನ ಹುಡುಗಿ ತನ್ನ ಚಿಕ್ಕಮ್ಮನ ಅಂಗಡಿಗೆ ಪುಟ ಮಾಡಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ನನಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ ಇರೋದೇ ಅದಕ್ಕೆ.

ವಿಷಯಗಳಿಗೂ ಬರ ಇಲ್ಲ. ಮಳೆಗಾಲಕ್ಕೆ ಮುಂಚೆ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರಾಟ ಶುರುವಾದರೆ ರೈತರು ಯಾವ ತಳಿ ಬಂದಿದೆ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಬರುತ್ತಾರೆ. ವರ್ಷಕ್ಕೊಮ್ಮೆ ಹಾಸನಾಂಬೆ ಬಾಗಿಲು ತೆರೆದಾಗ ದರ್ಶನದ ಹೊತ್ತು, ಸಾಲು, ವಾಹನ ನಿಲ್ಲಿಸುವ ಜಾಗ ಕೇಳುವವರು ಲಕ್ಷಗಟ್ಟಲೆ ಜನ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿ ಗೈಡ್ ಕೆಲಸ ಮಾಡುವವರಿಗೆ, ಊಟದ ಮೆಸ್ ನಡೆಸುವವರಿಗೆ ಸ್ವಂತದ್ದು ಅಂತ ಒಂದು ಪುಟ ಇದ್ದರೆ ಎಷ್ಟು ಚೆನ್ನ. ಸ್ತ್ರೀಶಕ್ತಿ ಸಂಘದ ಹಪ್ಪಳ, ಸಂಡಿಗೆಗೂ ಒಂದು ಪುಟ ಬೇಕು. ಮಕ್ಕಳು ಹೋಗಿ ಮಾತಾಡಿಸಬೇಕು, ನಿಮಗೆ ಏನು ಬೇಕು ಅಂತ ಕೇಳಬೇಕು, ಮಾಡಿದ್ದನ್ನು ತೋರಿಸಬೇಕು, ಇದು ಹೀಗಲ್ಲ ಹಾಗೆ ಅಂದಾಗ ಬದಲಾಯಿಸಬೇಕು. ಕೆಲಸಕ್ಕೆ ಸೇರಿದ ಮೇಲೆ ಮಾಡೋದೂ ಇದನ್ನೇ.

ಎಐಗೆ ಕೇಳಿದರೆ ಪೂರ್ತಿ ಪುಟ ಬರೆದು ಕೊಡುತ್ತದೆ, ಇನ್ನು ಕಲಿಯೋದು ಯಾಕೆ ಅಂತ ಕೆಲವು ತಂದೆತಾಯಿಗಳೇ ನನ್ನ ಹತ್ತಿರ ಕೇಳುತ್ತಾರೆ. ಕೊಡುತ್ತೆ, ಇಲ್ಲ ಅನ್ನಲ್ಲ. ಆದರೆ ಕುಚ್ಚಿನ ಒತ್ತು ಕಟ್ ಆದಾಗ ಯಾವ ಸಾಲು ತಿದ್ದಬೇಕು ಅಂತ ಗೊತ್ತಿರಬೇಕಲ್ವಾ. ಅದಕ್ಕೇ ವೈವಾ ಬದಲಾಗಬೇಕು. ಎಚ್‌ಟಿಎಂಎಲ್ ವಿಸ್ತರಿಸಿ ಬರೆಯಿರಿ ಅಂತ ಕೇಳುವ ಬದಲು, ವಿದ್ಯಾರ್ಥಿಯ ಪುಟವನ್ನೇ ಮುಂದೆ ಇಟ್ಟುಕೊಂಡು ಈ ಚಿತ್ರವನ್ನು ಫೋನಿನಲ್ಲಿ ಮೇಲಕ್ಕೆ ತನ್ನಿ, ಈ ನಂಬರ್ ಒತ್ತಿದರೆ ಕರೆ ಹೋಗುವ ಹಾಗೆ ಮಾಡಿ ಅಂತ ಕೇಳಲಿ. ತಾನೇ ಮಾಡಿದವರು ಅಲ್ಲೇ ಮಾಡಿ ತೋರಿಸುತ್ತಾರೆ. ಇದರ ಜೊತೆಗೆ, ಪುಟ ಕಟ್ಟೋದೇ ಬರದ ಮಕ್ಕಳಿಗೆ ಮೂರು ತಿಂಗಳಲ್ಲಿ ರಿಯಾಕ್ಟ್, ಫುಲ್ ಸ್ಟ್ಯಾಕ್ ಅಂತ ಮುಂದಿನ ಹಂತದ ಕೋರ್ಸ್ ಕಲಿಸುತ್ತೇವೆ ಅಂದು ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುವ ಕೋಚಿಂಗ್‌ಗಳಿಂದಲೂ ಮಕ್ಕಳು ಉಳಿಯುತ್ತಾರೆ. ಬುಡ ಗಟ್ಟಿ ಇದ್ದರೆ ಅದನ್ನೆಲ್ಲ ಆಮೇಲೆ ಅವರೇ ಕಲಿತುಕೊಳ್ಳಬಹುದು.

ಪಾಠ ಮಾಡುವವರನ್ನು ನಾನು ದೂರುತ್ತಿಲ್ಲ. ಅವರಲ್ಲಿ ಅತಿಥಿ ಉಪನ್ಯಾಸಕರೇ ತುಂಬಾ ಜನ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವಾ ಅನ್ನೋದೇ ಅವರಿಗೆ ಗೊತ್ತಿರೋದಿಲ್ಲ. ಸಿಲಬಸ್‌ನಲ್ಲಿ ಮಾರ್ಕ್ವೀ ಇದ್ದರೆ ಮಾರ್ಕ್ವೀ ಹೇಳಿಕೊಡಲೇಬೇಕು, ಎಕ್ಸ್‌ಟರ್ನಲ್‌ನವರು, ಅಂದರೆ ಹೊರಗಿನ ಪರೀಕ್ಷಕರು, ಬಂದು ಅದನ್ನೇ ಕೇಳುತ್ತಾರೆ. ಬದಲಾಗಬೇಕಿರೋದು ಸಿಲಬಸ್ ಮಾಡುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ. ಅಲ್ಲಿ ಕೂರುವವರು ಪ್ರಾಕ್ಟಿಕಲ್ ಪಟ್ಟಿಯಿಂದ ಫ್ರೇಮ್, ಫಾಂಟ್, ಮಾರ್ಕ್ವೀ ತೆಗೆದು, ಆ ಜಾಗದಲ್ಲಿ ಕನ್ನಡದ ಒಂದು ಪುಟ ಇಡಲಿ. ಕೈಬರಹದ ರೆಕಾರ್ಡ್ ಬದಲು ಪುಟದ ಲಿಂಕ್, ಯಾರಿಗಾಗಿ ಮಾಡಿದ್ದು, ಅವರು ಏನು ಬದಲಾಯಿಸಿ ಅಂದರು ಅನ್ನೋದನ್ನು ಎರಡು ಹಾಳೆಯಲ್ಲಿ ಬರೆದು ಕೊಡುವ ಹಾಗಾಗಲಿ. ಪಟ್ಟಿ ಬದಲಾಗುವವರೆಗೆ ಇಂಟರ್ನಲ್ ಮಾರ್ಕ್ಸ್ ಹೇಗೂ ಕಾಲೇಜಿನ ಕೈಯಲ್ಲೇ ಇದೆ, ಅದರ ಅಸೈನ್‌ಮೆಂಟನ್ನು ಈ ಸೆಮಿಸ್ಟರ್‌ನಿಂದಲೇ ಹೀಗೆ ಮಾಡಬಹುದು.

ಹಾಸನ ಜಿಲ್ಲೆಯ ಯಾವ ಕಾಲೇಜಿನವರು ಇದನ್ನು ಶುರು ಮಾಡುತ್ತೇವೆ ಅಂದರೂ ಶನಿವಾರಗಳಲ್ಲಿ ಲ್ಯಾಬಿಗೆ ಬಂದು ಮಕ್ಕಳ ಜೊತೆ ಕೂರಲು ನಾನು ತಯಾರಿದ್ದೇನೆ, ಇದಕ್ಕೆ ಸಂಭಾವನೆ ಬೇಡ. ಈ ಕೆಲಸ ಮಾಡುವ ಬೇರೆಯವರೂ ಊರಲ್ಲಿದ್ದಾರೆ, ಅವರನ್ನೂ ಕರೆತರುತ್ತೇನೆ. ಬರಬೇಕು ಅನ್ನುವ ಉಪನ್ಯಾಸಕರು ಪತ್ರಿಕೆಯ ಕಚೇರಿಗೆ ತಿಳಿಸಿದರೆ, ದಯವಿಟ್ಟು ನನಗೆ ಮುಟ್ಟಿಸಿ.

ಇಂತಿ,
ಹಾಸನದ ಓದುಗಿ