ಪಂಚಾಯ್ತಿ ಸಭೆಯ ಅಜೆಂಡಾ ಬೋರ್ಡಿಗೆ ಹಾಕಿ

ಮಾನ್ಯ ಸಂಪಾದಕರೇ,

ನನ್ನ ಮಗಳ ಸಂಸಾರ ಇಂಗ್ಲೆಂಡಿನ ಡೆವನ್ ಕಡೆಯ ಒಂದು ಹಳ್ಳಿಯಲ್ಲಿದೆ. ಅಲ್ಲಿಗೆ ಹೋದಾಗ ಬಸ್‌ಸ್ಟಾಪಿನ ಹತ್ತಿರದ ಗಾಜಿನ ಬೋರ್ಡು ಓದುವುದು ನನಗೆ ಚಟವೇ ಆಗಿತ್ತು. ಅದು ಆ ಊರಿನ ಪ್ಯಾರಿಷ್ ಕೌನ್ಸಿಲ್‌ನ, ಅಂದರೆ ನಮ್ಮ ಗ್ರಾಮ ಪಂಚಾಯ್ತಿಯಂಥದ್ದರ ಬೋರ್ಡು. ಮುಂದಿನ ಸಭೆಯ ಅಜೆಂಡಾ, ಹಿಂದಿನ ಸಭೆಯ ನಡಾವಳಿ ಎರಡೂ ಅದರಲ್ಲಿರುತ್ತಿದ್ದವು. ಮಕ್ಕಳ ಉಯ್ಯಾಲೆ ರಿಪೇರಿ, ಸ್ಮಶಾನದ ಹುಲ್ಲು, ಯಾರೋ ಮನೆ ದೊಡ್ಡದು ಮಾಡಲು ಹಾಕಿದ ಅರ್ಜಿ. ಸಭೆಗೆ ಮೂರು ದಿನ ಪೂರ್ತಿ ಮುಂಚೆ ನೋಟಿಸ್ ಹಾಕಲೇಬೇಕು, ಅದು ಕಾನೂನು. ಊರಿನ ಯಾರು ಬೇಕಾದರೂ ಹೋಗಿ ಕೂರಬಹುದು.

1894ರ ಕಾಯ್ದೆಯಿಂದ ಬಂದ ಈ ಕೌನ್ಸಿಲ್‌ಗಳಿಗೆ ಅಧಿಕಾರ ಜಾಸ್ತಿ ಏನಿಲ್ಲ. ಅಲ್ಲಿ ರಸ್ತೆ ಎಲ್ಲಕ್ಕೂ ಮೇಲಿನ ಕೌಂಟಿ ಕೌನ್ಸಿಲ್‌ನದು, ಕಸ ಅದರ ಕೆಳಗಿನ ಜಿಲ್ಲಾ ಕೌನ್ಸಿಲ್‌ನದು. ಮನೆ ಕಟ್ಟುವ ಅರ್ಜಿಗೂ ಇವರು ಅಭಿಪ್ರಾಯ ಹೇಳಬಹುದು, ಅಷ್ಟೇ. ಆದರೂ ಮನೆ ತೆರಿಗೆಯ ಬಿಲ್ಲಿನಲ್ಲಿ ಪ್ಯಾರಿಷ್‌ನ ಪಾಲು ಎಷ್ಟು ಎಂದು ಬೇರೆ ಸಾಲಿನಲ್ಲೇ ಬರೆದಿರುತ್ತದೆ.

ಕುಮಟಾ ತಾಲ್ಲೂಕಿನ ನಮ್ಮ ಪಂಚಾಯ್ತಿಯ ಕೈಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕೆಲಸವಿದೆ. ಕುಡಿಯುವ ನೀರು, ಬೀದಿ ದೀಪ, ಆಶ್ರಯ ಮನೆ, ಉದ್ಯೋಗ ಖಾತ್ರಿ ಎಲ್ಲ ಅಲ್ಲೇ. ಬೋರ್ಡಿನಲ್ಲಿ ಮಾತ್ರ ಹಳೇ ಕಬಡ್ಡಿ ಪೋಸ್ಟರ್! ಹಳ್ಳಕ್ಕೆ ಕಾಲುಸಂಕ ಬೇಕೆಂದು ನಮ್ಮ ಕೇರಿಯವರು ಅರ್ಜಿ ಕೊಟ್ಟಿದ್ದೆವು. ಅದು ಸಭೆಯಲ್ಲಿ ಚರ್ಚೆಗೆ ಬಂತೋ ಇಲ್ಲವೋ, ಠರಾವು ಆಯಿತೋ ಎಂದು ಕೇಳಿದರೆ ‘ನೋಡುವ’ ಎನ್ನುತ್ತಾರೆ. ಮಳೆಗಾಲ ಹತ್ತಿರ ಬಂತು. ಮಕ್ಕಳು ಶಾಲೆಗೆ ಆ ಹಳ್ಳ ದಾಟಿಯೇ ಹೋಗಬೇಕು.

ನಮ್ಮಲ್ಲಿ ಕಾನೂನಿಗೇನೂ ಕಮ್ಮಿ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಇದೆ, ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ಲೆಕ್ಕ ನೋಡುವ ಜಮಾಬಂದಿಯೂ ಇದೆ. ಫಲಾನುಭವಿಗಳ ಪಟ್ಟಿ ಓದುವ ದಿನ ಗ್ರಾಮಸಭೆಗೆ ಜನ ತುಂಬಿರುತ್ತಾರೆ. ಪ್ರತಿ ತಿಂಗಳ ಸಭೆಯಲ್ಲಿ ಏನಾಯಿತು ಎಂದು ಮಾತ್ರ ಸದಸ್ಯರ ಮನೆಗೆ ಹೋಗಿಯೇ ಕೇಳಬೇಕು. ಸದಸ್ಯರಿಗೂ ಅದು ಕಿರಿಕಿರಿ ಅಲ್ವಾ?

ಜಿಲ್ಲೆಯ ಪಿಡಿಒಗಳಿಗೆ ನನ್ನದೊಂದೇ ವಿನಂತಿ. ಮಾಸಿಕ ಸಭೆಯ ಅಜೆಂಡಾವನ್ನು ಮೂರು ದಿನ ಮೊದಲು ಹೊರಗೆ ಅಂಟಿಸಿ. ಸಭೆ ಮುಗಿದ ಮೇಲೆ ಠರಾವುಗಳನ್ನೂ, ಯಾವ ಕೇರಿಯ ಕೆಲಸಕ್ಕೆ ಎಷ್ಟು ಹಣ ಇಟ್ಟಿರಿ ಎಂಬುದನ್ನೂ ಹಾಕಿ. ಗಾಜಿನ ಬೋರ್ಡೇ ಆಗಬೇಕೆಂದಿಲ್ಲ. ಮಳೆಗೆ ತೋಯದಂತೆ ಹಾಲಿನ ಡೈರಿಯ ಜಗುಲಿಯಲ್ಲಿ ಹಾಕಿದರೂ ಆದೀತು, ಬೆಳಿಗ್ಗೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ.

– ಒಬ್ಬ ಓದುಗಿ, ಕುಮಟಾ ತಾಲ್ಲೂಕು