ಹಣಕಾಸು ಸಮಿತಿಯಲ್ಲೇ ಜಾಗ ಕೇಳು

ಪ್ರೀತಿಯ ಪುಟ್ಟಿ,

ನೀನು ಆಡಳಿತ ಮಂಡಳಿಗೆ ಆಯ್ಕೆಯಾದ ಸುದ್ದಿ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. "ಮಹಿಳಾ ಕೋಟಾದಲ್ಲಿ ಬಂದವಳು" ಅಂತ ಯಾರೋ ಅಂದರಂತೆ, ನೀನು ಮುಖ ಸಪ್ಪಗೆ ಮಾಡಿಕೊಂಡಿದ್ದೀಯಂತೆ. ಮೊದಲು ಅದನ್ನು ತಲೆಯಿಂದ ತೆಗೆದುಹಾಕು.

ಕೋಟಾ ಬರುವ ಮುಂಚೆ ಬಾಗಿಲು ಎಲ್ಲರಿಗೂ ತೆರೆದೇ ಇತ್ತೇನೋ ಅನ್ನುವ ಹಾಗೆ ಮಾತಾಡುತ್ತಾರೆ ಜನ. ನ್ಯೂಜಿಲೆಂಡ್‌ನಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಬಂದದ್ದು 1893ರಲ್ಲಿ. ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1919ರಲ್ಲಿ. ಒಬ್ಬ ಮಹಿಳೆ ಗೆದ್ದು ಸಂಸತ್ತಿಗೆ ಹೋಗುವ ಹೊತ್ತಿಗೆ 1933 ಆಗಿತ್ತು. ಓಟು ಕೊಟ್ಟವರು ಕುರ್ಚಿ ಬಿಟ್ಟುಕೊಡಲು ನಲವತ್ತು ವರ್ಷ ತಗೊಂಡರು!

ಕೋಟಾದಿಂದ ಏನಾಗುತ್ತದೆ ಅಂತ ಕೇಳುವವರಿಗೆ ಪಶ್ಚಿಮ ಬಂಗಾಳದ ಲೆಕ್ಕ ಹೇಳು. ಅಲ್ಲಿ ಪಂಚಾಯಿತಿ ಅಧ್ಯಕ್ಷ ಸ್ಥಾನಗಳಲ್ಲಿ ಮೂರರಲ್ಲೊಂದನ್ನು ಮಹಿಳೆಯರಿಗೆ ಮೀಸಲಿಟ್ಟಿದ್ದರು. ಅರ್ಥಶಾಸ್ತ್ರಜ್ಞರು ಹೋಗಿ ನೋಡಿದಾಗ, ಮಹಿಳೆ ಅಧ್ಯಕ್ಷೆಯಾದ ಕಡೆ ಕುಡಿಯುವ ನೀರಿಗೆ ಜಾಸ್ತಿ ಕೆಲಸ ಆಗಿತ್ತು. ಊರಿನ ಹೆಂಗಸರ ದೂರಿನಲ್ಲಿ ಮೊದಲಿಗೆ ಬರುತ್ತಿದ್ದದ್ದೂ ನೀರೇ. ಎರಡು ಸಲ ಮೀಸಲಾಗಿದ್ದ ಕಡೆಗಳಲ್ಲಿ, ಮೀಸಲು ಹೋದ ಮೇಲೂ ಹೆಂಗಸರು ನಿಲ್ಲುವುದು, ಗೆಲ್ಲುವುದು ಹೆಚ್ಚಾಯಿತು. ಜನಕ್ಕೆ ಅಭ್ಯಾಸವಾಯಿತು, ಅಷ್ಟೇ.

ಆದರೆ ಕುರ್ಚಿ ಸಿಕ್ಕಿತು ಅಂತ ಮೈಮರೆಯಬೇಡ. ಮೆಕ್ಸಿಕೋದಲ್ಲಿ ಏನಾಯಿತು ಗೊತ್ತಾ? ಅಲ್ಲೂ ಸಂಸತ್ ಚುನಾವಣೆಯ ಅಭ್ಯರ್ಥಿ ಪಟ್ಟಿಯಲ್ಲಿ ಮಹಿಳಾ ಕೋಟಾ ಇತ್ತು. ಗೆದ್ದ ಪ್ರತಿ ಸದಸ್ಯರಿಗೂ ಒಬ್ಬ ಬದಲಿ ಇರುತ್ತಾರೆ. 2009ರಲ್ಲಿ ಗೆದ್ದ ಹಲವು ಮಹಿಳೆಯರು ಅಧಿವೇಶನ ಶುರುವಾಗುತ್ತಿದ್ದ ಹಾಗೇ ರಜೆ ಕೇಳಿ ಎದ್ದರು. ಅವರ ಜಾಗಕ್ಕೆ ಬಂದ ಬದಲಿಗಳು ಗಂಡಸರು, ಅದರಲ್ಲಿ ಆ ಮಹಿಳೆಯರ ಗಂಡಂದಿರೂ ಇದ್ದರು. ಪಟ್ಟಿಯಲ್ಲಿ ಕೋಟಾ ಪೂರ್ತಿ, ಸದನದಲ್ಲಿ ನಾಪತ್ತೆ. 2011ರಲ್ಲಿ ಅಲ್ಲಿನ ಚುನಾವಣಾ ನ್ಯಾಯಾಲಯ ಮಹಿಳೆಯ ಬದಲಿಯೂ ಮಹಿಳೆಯೇ ಆಗಿರಬೇಕು ಅಂತ ಹೇಳಿತು. 2014ರಲ್ಲಿ ಅಭ್ಯರ್ಥಿಗಳಲ್ಲಿ ಸಮಪಾಲು ಅನ್ನುವುದು ಸಂವಿಧಾನಕ್ಕೇ ಸೇರಿತು. 2021ರಲ್ಲಿ ಕೆಳಮನೆಯಲ್ಲಿ ಕೂತವರಲ್ಲಿ ಅರ್ಧದಷ್ಟು ಮಹಿಳೆಯರು.

ಅದಕ್ಕೇ ಹೇಳುತ್ತೇನೆ, ನಿಮ್ಮ ಸಂಸ್ಥೆಯ ಬೈಲಾ ತರಿಸಿಕೊಂಡು ಕೂತು ಓದು. ಅಜೆಂಡಾ ಯಾರು ತಯಾರು ಮಾಡುತ್ತಾರೆ? ಚೆಕ್‌ಗೆ ಯಾರ ಸಹಿ ಬೇಕು? ನೀನು ಬರದ ದಿನ ನಿನ್ನ ಜಾಗದಲ್ಲಿ ಯಾರು ಕೂರಬಹುದು? ಭಾಷಣ ಕೇಳಿಸಿಕೊಳ್ಳುವುದಕ್ಕಿಂತ ಇದನ್ನು ತಿಳಿದುಕೊಳ್ಳುವುದು ಮುಖ್ಯ.

ಸಮಿತಿ ಹಂಚುವಾಗ ನಿನಗೆ ಮಹಿಳಾ ಘಟಕವೋ ಸಾಂಸ್ಕೃತಿಕ ಸಮಿತಿಯೋ ಕೊಡುತ್ತಾರೆ, ನೋಡುತ್ತಿರು. ದೊಡ್ಡ ದೊಡ್ಡ ದೇಶಗಳ ಸಂಪುಟದಲ್ಲೇ ಇದು ನಡೆಯುತ್ತದೆ. ಮಹಿಳಾ ಮಂತ್ರಿಗಳಿಗೆ ಮಹಿಳೆ ಮತ್ತು ಮಕ್ಕಳ ಖಾತೆ ಸುಲಭವಾಗಿ ಸಿಗುತ್ತದೆ, ಹಣಕಾಸು, ರಕ್ಷಣೆ ಮಾತ್ರ ಹೆಚ್ಚಾಗಿ ಗಂಡಸರ ಕೈಯಲ್ಲಿ. ಆ ಕೆಲಸಗಳು ಕೀಳು ಅಂತಲ್ಲ. ಅವಕ್ಕೆ ಎಷ್ಟು ದುಡ್ಡು ಅಂತ ತೀರ್ಮಾನ ಆಗುವುದು ಬೇರೆ ಕೋಣೆಯಲ್ಲಿ. ನೀನು ಹಣಕಾಸು ಸಮಿತಿಯನ್ನೇ ಕೇಳು. ಲೆಕ್ಕಪತ್ರ ಗೊತ್ತಿಲ್ಲ ಅಂತ ಹಿಂಜರಿಯಬೇಡ. ಅಲ್ಲಿರುವ ಗಂಡಸರೆಲ್ಲ ಅದನ್ನು ಕಲಿತೇ ಬಂದರಾ?

ಇನ್ನೊಂದು. "ನಿನ್ನ ಅಕ್ಷರ ಚೆನ್ನಾಗಿದೆ, ನಡವಳಿ ನೀನೇ ಬರಕೋಮ್ಮ" ಅಂತ ಪುಸ್ತಕ ನಿನ್ನ ಮುಂದೆ ತಳ್ಳುತ್ತಾರೆ. ಬಗ್ಗಿ ಬರೆಯುತ್ತಾ ಕೂತವಳಿಗೆ ತಲೆ ಎತ್ತಿ ಮಾತಾಡಲು ಆಗುವುದಿಲ್ಲ. ಸರದಿ ಪ್ರಕಾರ ಎಲ್ಲರೂ ಬರೆಯಲಿ ಅನ್ನು. ಆದರೆ ಸಹಿ ಮಾಡುವ ಮುಂಚೆ ಪ್ರತಿ ಸಾಲು ಓದು. ನೀನು ಹೇಳಿದ್ದು ಇನ್ಯಾರದೋ ಹೆಸರಲ್ಲಿ ಬರೆದಿದ್ದರೆ ಅಲ್ಲೇ ತಿದ್ದಿಸು.

ಮಾತಿನ ವಿಷಯಕ್ಕೂ ಒಂದು ಅಧ್ಯಯನ ಇದೆ, 2012ರದು, ಅಮೆರಿಕದ್ದು. ಐದೈದು ಜನರ ಗುಂಪು ಮಾಡಿ ಚರ್ಚೆಗೆ ಕೂರಿಸಿದರು. ಬಹುಮತದಿಂದ ತೀರ್ಮಾನ ಅಂದ ಕಡೆ, ಕಡಿಮೆ ಸಂಖ್ಯೆಯಲ್ಲಿದ್ದ ಹೆಂಗಸರು ತಮ್ಮ ಪಾಲಿಗಿಂತ ತೀರಾ ಕಡಿಮೆ ಮಾತಾಡಿದರು. ಎಲ್ಲರೂ ಒಪ್ಪಲೇಬೇಕು ಅಂದ ಕಡೆ ಆ ಅಂತರ ಹೋಯಿತು. ಸುಮ್ನೆ "ಧೈರ್ಯವಾಗಿ ಮಾತಾಡು" ಅಂತ ನಿನಗೆ ಉಪದೇಶ ಮಾಡದೆ ಇರುವುದು ಇದಕ್ಕೇ. ಮತಕ್ಕೆ ಹಾಕುವ ಮುಂಚೆ ಒಂದು ಸುತ್ತು ಎಲ್ಲರ ಅಭಿಪ್ರಾಯ ಕೇಳಿ ಅಂತ ಅಧ್ಯಕ್ಷರಿಗೆ ಹೇಳು. ಜೊತೆಗೆ ಇನ್ನೊಬ್ಬ ಮಹಿಳೆಯನ್ನಾದರೂ ಮಂಡಳಿಗೆ ಕರೆತಾ. ಒಬ್ಬಳೇ ಇದ್ದರೆ ನೀನು ಹೇಳಿದ್ದೆಲ್ಲ "ಹೆಂಗಸರ ಅಭಿಪ್ರಾಯ" ಆಗಿಬಿಡುತ್ತದೆ.

ಸಭೆಯ ಹೊತ್ತು, ಶೌಚಾಲಯ ಇಂಥವನ್ನು ಕೇಳಲು ನಾಚಬೇಡ. ಅಮೆರಿಕದ ಕೆಳಮನೆಗೆ ಮೊದಲ ಮಹಿಳೆ ಬಂದದ್ದು 1917ರಲ್ಲಿ. ಸಭಾಂಗಣದ ಪಕ್ಕದಲ್ಲಿ ಮಹಿಳೆಯರಿಗೆ ಶೌಚಾಲಯ ಆದದ್ದು 2011ರಲ್ಲಿ. ಅಲ್ಲಿಯವರೆಗೆ ದೂರ ನಡೆದು ಹೋಗಿ ಬರಬೇಕಿತ್ತು. ಅಷ್ಟರಲ್ಲಿ ಮತದಾನ ಮುಗಿದರೆ?

ಬೈಲಾದಲ್ಲಿ ಅರ್ಥವಾಗದ ಕಡೆ ಪೆನ್ಸಿಲ್ ಗುರುತು ಹಾಕಿ, ಆ ಪುಟಗಳ ಫೋಟೋ ಕಳಿಸು. ಭಾನುವಾರ ಫೋನ್ ಮಾಡುತ್ತೇನೆ, ಇಬ್ಬರೂ ಕೂತು ನೋಡೋಣ. ಹಣಕಾಸು ಸಮಿತಿಗೆ ನಿನ್ನ ಹೆಸರು ಕೊಡುವ ಪತ್ರ ಮಾತ್ರ ಅದಕ್ಕಿಂತ ಮುಂಚೆಯೇ ಬರೆದುಬಿಡು.

ನಿನ್ನ
ದೊಡ್ಡಮ್ಮ