ಚಾರ್ಮಾಡಿ ಇಳಿಯೋಕ್ ಮುಂಚೆ ಪುಟ್ಟಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಲ್ಲಿ ಅರ್ಧ ಹೇಳಿದ್ದೆ ಅಷ್ಟೆ, ಕರೆಂಟೂ ಹೋಯ್ತು ನೆಟ್‌ವರ್ಕೂ ಹೋಯ್ತು, ಅದಕ್ಕೆ ಕೂತು ಬರೀತಿದೀನಿ. ಉಜಿರೇಲಿ ಕೆಲಸ ಸಿಕ್ಕಿದ್ದು ನಂಗೂ ಅಮ್ಮಂಗೂ ತುಂಬಾ ಖುಷಿ, ವಾರ ವಾರ ಮೂಡಿಗೆರೆಗೆ ಬರ್ತೀನಿ ಅಂದಿದ್ದು ಇನ್ನೂ ಖುಷಿ, ಆದ್ರೆ ನಮ್ಮ ಮಾರುತಿ 800 ತಗೊಂಡ್ ಹೋಗ್ತೀನಿ ಅಂದೆ ನೋಡು, ಆವತ್ತಿಂದ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತಿದೆ. ಕೊಡಲ್ಲ ಅಂತಿಲ್ಲ ಮಗಳೇ. ಕೆಎ-18 ನಂಬರಿನ 1999ರ ಗಾಡಿ, ಕಂಪನಿಯವ್ರು 2014ರಲ್ಲೇ ಮಾಡೋದು ನಿಲ್ಸಿದ್ರೂ ಸ್ಪೇರ್ ಇವತ್ತಿಗೂ ಸಿಗುತ್ತೆ. ಆದ್ರೆ ಘಾಟಿಯಲ್ಲಿ ಮುಂದೆ ರಸ್ತೆ ಕಾಣ್ಬೇಕು, ಕಂಡ ಮೇಲೆ ಗಾಡಿ ನಿಲ್ಬೇಕು, ಈ ಎರಡಕ್ಕೆ ಮಾತ್ರ ಬೇರೆಯವ್ರ ಬಾಯಿಮಾತು ನಂಬ್ಬೇಡ, ನೀನೇ ಬಿಚ್ಚಿ ನೋಡೋದು ಕಲಿ.

ಮೊದ್ಲು ಹೀಟರ್. ಹೀಟರ್ ಅಂದ್ರೆ ಚಳಿಗೆ ಅಂದ್ಕೊಂಡಿದೀಯ ನೀನು. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟ್ತಿದ್ದಂಗೆ ಹೊರಗೆ ಮಂಜು, ಒಳಗೆ ನಮ್ಮ ಉಸಿರು, ಒದ್ದೆ ಕೊಡೆ, ಒದ್ದೆ ಬಟ್ಟೆ, ಎಲ್ಲಾ ಸೇರಿ ಗ್ಲಾಸ್ ಬೆಳ್ಳಗಾಗಿಬಿಡುತ್ತೆ. ಎಸಿ ಇರೋ ಗಾಡಿ ಆದ್ರೆ ಅದು ಗಾಳಿ ಒಣಗ್ಸುತ್ತೆ, ನಮ್ಮದ್ರಲ್ಲಿ ಎಸಿ ಇಲ್ಲ, ಗ್ಲಾಸಿಗೆ ಬಿಸಿಗಾಳಿ ಹೊಡೆಯೋದೊಂದೇ ದಾರಿ. ಒಂದು ಕೈಯಲ್ಲಿ ಬಟ್ಟೆ ಹಿಡ್ಕೊಂಡು ಒರೆಸ್ತಾ ತಿರುವು ಇಳಿಯೋದಿದ್ಯಲ್ಲ, ಅದು ಬೇಡವೇ ಬೇಡ.

ಹೀಟರಿಗೆ ಬೇರೆ ಬೆಂಕಿ ಇಲ್ಲ, ಇಂಜಿನ್ ಬಿಸಿ ಮಾಡಿದ ಕೂಲಂಟ್ ನೀರೇ ಡ್ಯಾಶ್‌ಬೋರ್ಡ್ ಕೆಳಗಿರೋ ಸಣ್ಣ ರೇಡಿಯೇಟರಿನೊಳಗೆ ಹರಿಯುತ್ತೆ, ಬ್ಲೋವರ್ ಫ್ಯಾನು ಅದರ ಮೇಲೆ ಗಾಳಿ ಊದುತ್ತೆ. ಬಿಸಿ ಬರ್ತಿಲ್ಲ ಅಂದ್ರೆ ಇಂಜಿನ್ ಚೆನ್ನಾಗಿ ಕಾದ ಮೇಲೆ ಬಾನೆಟ್ ಎತ್ತಿ, ಒಳಗಡೆಗೆ ಹೋಗೋ ಎರಡು ಹೋಸ್ ಪೈಪ್‌ಗಳನ್ನ ಬಟ್ಟೆ ಸುತ್ತಿ ಮುಟ್ಟಿ ನೋಡು, ಫ್ಯಾನಿನ ಹತ್ರ ದುಪಟ್ಟಾ ಹೋಗದ ಹಾಗೆ ಹುಷಾರು. ಎರಡೂ ಸುಡ್ತಿದ್ರೆ ನೀರು ಸರಿಯಾಗಿ ಹರೀತಿದೆ, ತಪ್ಪಿರೋದು ಒಳಗಿನ ಲಿವರ್ ಕೇಬಲ್ಲಲ್ಲೋ ಬ್ಲೋವರಲ್ಲೋ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ರೆ ಒಳಗೆ ತುಕ್ಕು ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ರೆ ಕೂಲಂಟ್ ಕಮ್ಮಿ, ಇಲ್ಲಾ ಹೀಟರ್ ಕಾಕ್, ಅಂದ್ರೆ ಹೀಟರಿಗೆ ನೀರು ಬಿಡೋ ನಲ್ಲಿ, ತೆರ್ಕೊಂಡಿಲ್ಲ, ಇಲ್ಲಾ ಇಂಜಿನ್ ಕಾಯೋವರೆಗೂ ನೀರನ್ನ ದೊಡ್ಡ ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ವಾಲ್ವೇ ಇಲ್ಲ.

ಹೌದು, ಇಲ್ಲವೇ ಇಲ್ಲ. ನಮ್ಮ ಗಾಡಿಗೆ ಆಗಿದ್ದು ಅದೇ. ಯಾವ್ದೋ ಕಾಲದಲ್ಲಿ ಒಬ್ಬ ಮೆಕ್ಯಾನಿಕ್ಕು ನಮ್ಮ ದೇಶಕ್ಕೆ ಇದೆಲ್ಲ ಬೇಡ ಸಾರ್ ಅಂತ ವಾಲ್ವ್ ಕಿತ್ತು ಬಿಸಾಕಿದ್ದ, ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಅದಿಲ್ದಿದ್ರೆ ನೀರು ಯಾವಾಗ್ಲೂ ದೊಡ್ಡ ರೇಡಿಯೇಟರ್ ಸುತ್ತಿ ತಣ್ಣಗಾಗಿಯೇ ಬರುತ್ತೆ, ಮಳೇಲಿ ಘಾಟಿ ಇಳಿಯುವಾಗ ಇಂಜಿನ್ ಕಾಯೋದೇ ಇಲ್ಲ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಹೊಸ ವಾಲ್ವ್ ತಂದಾಗ ಅಮ್ಮನ ಹಳೇ ಅಲ್ಯುಮಿನಿಯಂ ಪಾತ್ರೇಲಿ ನೀರಿಟ್ಟು ದಾರ ಕಟ್ಟಿ ಅದನ್ನ ಇಳಿಬಿಟ್ಟಿದ್ದು ನೆನಪಿದ್ಯಾ? ತಳದಲ್ಲಿ ಸಣ್ಣ ಗುಳ್ಳೆ ಏಳ್ತಿತ್ತು, ನೀರು ಕುದಿಯೋಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಆಗ ಮಧ್ಯದ ತಟ್ಟೆ ನಿಧಾನಕ್ಕೆ ಕೆಳಗೆ ಜಾರಿ ಸುತ್ತಲೂ ಬಳೆಯಷ್ಟು ಸಂದು ಬಿಡ್ತು, ನೀನು ಕಣ್ಣು ಬಿಡ್ತು ಕಣಪ್ಪಾ ಅಂದಿದ್ದೆ. ಹೊಸದು ಯಾವ್ದೇ ತಂದ್ರೂ ಹಾಗೇ ಪರೀಕ್ಷೆ ಮಾಡಿ ಹಾಕು.

ತುಕ್ಕು ಕಟ್ಟಿದ್ರೆ ತಣ್ಣಗಿರೋವಾಗ ಎರಡೂ ಹೋಸ್ ಬಿಚ್ಚಿ, ನೀರು ಹೊರಗೆ ಬರೋ ಕಡೆಯಿಂದ ತೋಟದ ಪೈಪಲ್ಲಿ ಮೆಲ್ಲಗೆ ನೀರು ಬಿಡು, ಕೆಂಪು ಗೋಡು ನೀರು ಬಂದು ಬಂದು ಆಮೇಲೆ ತಿಳಿಯಾಗುತ್ತೆ. ಬಿಸಿ ಇಂಜಿನ್‌ದು ರೇಡಿಯೇಟರ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೀಬೇಡ. ಗಾಡಿಯೊಳಗೆ ಸಿಹಿ ವಾಸನೆ, ಗ್ಲಾಸ್ ಮೇಲೆ ಜಿಡ್ಡು, ಮ್ಯಾಟ್ ಒದ್ದೆ ಇದ್ರೆ ಒಳಗಿನ ಹೀಟರ್ ಲೀಕ್ ಅಂತ ಅರ್ಥ. ಹೀಟರಿಗೆ ನೀರೇ ಹೋಗದ ಹಾಗೆ ಬೈಪಾಸ್ ಮಾಡ್ಕೊಡ್ತೀನಿ ಮೇಡಂ ಅಂತಾರೆ, ಒಪ್ಕೋಬೇಡ, ಹೊಸದು ಹಾಕ್ಸು.

ಇನ್ನು ಬ್ರೇಕ್. ಇದನ್ನ ನಿಂಗೆ ಯಾವತ್ತೂ ಪೂರ್ತಿ ಹೇಳಿಲ್ಲ. 2007ರ ಏಪ್ರಿಲ್ಲಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ವಿ, ಐದು ಜನ, ನೀನು ಹಿಂದೆ ಅಜ್ಜಿ ತೊಡೆ ಮೇಲೆ ನಿದ್ದೆ. ನಾನು ಥರ್ಡ್ ಗೇರಲ್ಲಿ ಬ್ರೇಕ್ ಒತ್ಕೊಂಡೇ ಇಳಿಸ್ತಿದ್ದೆ, ಒಂದು ತಿರುವಲ್ಲಿ ಪೆಡಲ್ ಹತ್ತಿ ತುಳಿದಂಗೆ ಸೀದಾ ಕೆಳಗೆ ಹೋಯ್ತು. ಸೆಕೆಂಡಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೀತಾ ಗುಡ್ಡದ ಕಡೆಗೆ ಒರಗಿಸಿ ನಿಲ್ಸಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ ನಡೆಯುತ್ತೆ, ಪೆಡಲ್ ಬ್ರೇಕಿನ ಥರ ಅದಕ್ಕೆ ಆಯಿಲ್ ಒತ್ತಡ ಬೇಡ, ಅದು ಉಳಿಸ್ತು. ಅರ್ಧ ಗಂಟೆ ಕೂತು ನೋಡಿದ್ರೆ ಪೆಡಲ್ ಮತ್ತೆ ಗಟ್ಟಿ! ತಿಂಗಳ ಹಿಂದೆ ಸರ್ವೀಸ್ ಮಾಡಿದ್ದ ಗ್ಯಾರೇಜಲ್ಲಿ ಎಲ್ಲಾ ಸರಿ ಇದೆ ಅಂದ್ರು. ಮನೇಲಿ ನಾನೇ ಬ್ಲೀಡ್ ಮಾಡಿದಾಗ, ಅಂದ್ರೆ ಪೆಡಲ್ ಒತ್ತಿಸಿ ಪೈಪಲ್ಲಿರೋ ಹಳೇ ಆಯಿಲ್, ಗಾಳಿ ಹೊರಗೆ ತೆಗೆದಾಗ, ಬಂದಿದ್ದು ಕಾಫಿ ಡಿಕಾಕ್ಷನ್ ಥರ ಕಪ್ಪು ಆಯಿಲ್.

ಬ್ರೇಕ್ ಆಯಿಲ್ ಅಂತ ಕರೀತೀವಿ, ಆದ್ರೆ ಅದು ಎಣ್ಣೆ ಜಾತಿಯದ್ದಲ್ಲ, ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ. ನಮ್ಮ ಗಾಡಿಗೆ ಹಾಕೋ ಬ್ರೇಕ್ ಆಯಿಲಿನ ದರ್ಜೆ ಡಾಟ್ 3, ಹೊಸದಾಗಿದ್ರೆ ಅದು ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ 140ಕ್ಕೇ ಇಳಿಯಬಹುದು. ಕುದ್ರೆ ಆವಿ, ಆವಿ ಒತ್ತಿದ್ರೆ ಮುದುಡುತ್ತೆ, ಪೆಡಲ್ ಖಾಲಿ. ಅದಕ್ಕೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯ್ಸು, ಘಾಟಿ ಸೆಕೆಂಡ್ ಗೇರಲ್ಲೇ ಇಳಿ, ಹಿಂದಿನವ್ನು ಹಾರ್ನ್ ಹೊಡ್ಕೊಳ್ಳಲಿ. ಇಂಜಿನ್ ಆಯಿಲ್ ಒಂದು ತೊಟ್ಟು ಅದರೊಳಗೆ ಬೀಳ್ಬಾರ್ದು, ಒಳಗಿನ ರಬ್ಬರೆಲ್ಲ ಊದಿ ಹಾಳಾಗುತ್ತೆ.

ಚಕ್ರ ಬಿಚ್ಚುವಾಗ ಬರೀ ಜಾಕ್ ನಂಬಿ ಕೆಳಗೆ ಕೈ ಕಾಲು ಹಾಕ್ಬೇಡ, ಸ್ಟ್ಯಾಂಡ್ ಕೊಟ್ಟು ಉಳಿದ ಚಕ್ರಕ್ಕೆ ಕಲ್ಲು ಇಡು. ಮುಂದೆ ಡಿಸ್ಕ್, ಅದನ್ನ ಎರಡೂ ಕಡೆಯಿಂದ ಒತ್ತಿ ಹಿಡಿಯೋ ಪ್ಯಾಡ್ ಎಷ್ಟು ಉಳಿದಿದೆ ಕಣ್ಣಿಗೇ ಕಾಣುತ್ತೆ, ಒಂದು ಪ್ಯಾಡ್ ಸವೆದು ಇನ್ನೊಂದು ದಪ್ಪ ಇದ್ರೆ ಪ್ಯಾಡ್ ಒತ್ತೋ ಕ್ಯಾಲಿಪರ್ ಜಾರೋ ಪಿನ್ ಹಿಡ್ಕೊಂಡಿದೆ, ತೊಳೆದು ಬ್ರೇಕಿನ ಗ್ರೀಸ್ ಹಚ್ಚು. ಹಿಂದೆ ಡ್ರಮ್, ಒಳಗಿನ ಧೂಳನ್ನ ಬಾಯಲ್ಲಿ ಊದ್ಬೇಡ, ನೀರು ಚಿಮುಕಿಸಿ ಬಟ್ಟೇಲಿ ತೆಗಿ. ಡ್ರಮ್ಮಿನೊಳಗೆ ಆಯಿಲ್ ಒತ್ತಡದಿಂದ ಬ್ರೇಕ್ ಒತ್ತೋ ವೀಲ್ ಸಿಲಿಂಡರ್ ಇರುತ್ತೆ, ಅದರ ರಬ್ಬರ್ ಮಡಚಿ ನೋಡು, ಒದ್ದೆ ಇದ್ರೆ ಬದಲಾಯ್ಸು, ಡ್ರಮ್ಮಿಗೆ ಉಜ್ಜೋ ಪಟ್ಟಿ, ಅಂದ್ರೆ ಲೈನರ್, ಆಯಿಲ್ ಕುಡಿದಿದ್ರೆ ಅದನ್ನ ಎಮರಿ ಪೇಪರಲ್ಲಿ ಉಜ್ಜಿ ವಾಪಸ್ ಹಾಕೋ ಆಸೆ ಬೇಡ.

ಹಿಂದಿನ ಎಡಗಡೆ ಸಿಲಿಂಡರ್ ಸ್ವಲ್ಪ ಜಿನುಗ್ತಿದೆ, ಅದನ್ನ ಮುಗಿಸದೆ ಗಾಡಿ ಕೀ ಕೊಡಲ್ಲ. ಸಿಲಿಂಡರ್ ತಂದಿಟ್ಟಿದೀನಿ. ನಂಗೆ ಮಂಡಿ ಮಡಚೋಕೆ ಆಗಲ್ಲ, ಈ ಸಲ ನಾನು ಸೀಟಲ್ಲಿ ಕೂತು ಪೆಡಲ್ ಒತ್ತಿ ಹಿಡೀತೀನಿ, ಸ್ಪ್ಯಾನರ್ ನಿನ್ ಕೈಗೆ. ಶನಿವಾರ ಬಸ್ಸಲ್ಲೇ ಬಾ. ಬರ್ತಾ ಡಾಟ್ 3 ಅರ್ಧ ಲೀಟರ್ ತಾ, ಸೀಲ್ ಒಡೆದಿರೋ ಡಬ್ಬ ಕೊಟ್ರೆ ಬೇಡ ಅನ್ನು.

ಅಪ್ಪ